ಬರ್ಫಿನ ಶರತ್ತು

ಮೇ 6

ಪಲ್ಲವಿಯನ್ನು ಕಲಬುರಗಿಯಲ್ಲಿ ರೈಲು ಹತ್ತಿಸಿ ಈಗಷ್ಟೇ ನರೋಣಾಕ್ಕೆ ಬಂದೆ. ಹತ್ತಿಸಿದೆ ಎನ್ನುವುದು ದೊಡ್ಡ ಮಾತು. ಅವಳ ಬ್ಯಾಗನ್ನು ಬೋಗಿಯೊಳಗೆ ಒಗೆದೆ, ಅವಳು ತಾನೇ ಹತ್ತಿಕೊಂಡಳು.

ಮದುವೆಯಾಗಿ ಐದು ತಿಂಗಳು. ಹೆಂಡತಿ ಹಿಮಾಚಲದ ಹಿಮನದಿಯ ಮೇಲೆ ನಿಂತು ಬರ್ಫ್ ಅಳೆಯುತ್ತಾಳೆ, ಗಂಡ ಆಳಂದದ ಕೂಲರ್ ರಿಪೇರಿ ಅಂಗಡಿಯಲ್ಲಿ ಕೆಟ್ಟ ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡು ಕೂಡುತ್ತಾನೆ. ಊರವರು ಒಳ್ಳೇ ಜೋಡಿ ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಈ ಸಲ ಸೆಪ್ಟೆಂಬರ್‌ವರೆಗೆ ಅಲ್ಲೇ. ಅದು ಸಾಲದೆಂದು ಅದೇ ಬರ್ಫಿನ ಮೇಲೆ ಇನ್ನೂ ಎರಡು ವರ್ಷದ ಕೆಲಸ ಕೊಡುತ್ತಾರಂತೆ. ಬರುತ್ತೇನೆ ಅಥವಾ ಇಲ್ಲ ಎಂದು ಸೆಪ್ಟೆಂಬರ್ ಮುಗಿಯುವುದರೊಳಗೆ ತಿಳಿಸಬೇಕಂತೆ.

"ಇದು ಕೊನೇ ಸಲ. ಆ ಎರಡು ವರ್ಷದ ಕೆಲ್ಸ ಬ್ಯಾಡ ಅಂತ ಬರ್ದು ಕಳಸು" ಎಂದೆ ಪ್ಲಾಟ್‌ಫಾರ್ಮಿನಲ್ಲಿ.

"ನಾ ಅಲ್ಲಿ ಏನು ಮಾಡ್ತೇನಿ ಅಂತಾದ್ರೂ ಗೊತ್ತದ ಏನು ನಿನಗ?"

"ಬರ್ಫ್ ಅಳೀತಿ."

ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಪಲ್ಲವಿ ನಗುತ್ತಾಳೆ, ಅದು ಇನ್ನೂ ಕೆಟ್ಟದ್ದು. "ಕೇಳಿಲ್ಲಿ. ಬ್ಯಾಸಗ್ಯಾಗ ಬರ್ಫ್ ಕರಗಿ ನೀರು ತಳಕ್ಕ ಇಳೀತದ. ಮೊದಲಿಗೆ ಬರ್ಫ್ ಜೋರು ಜಾರ್ತದ. ಮುಂದ ನೀರು ಇನ್ನೂ ಹೆಚ್ಚಾಗ್ತದ, ಆದ್ರ ಬರ್ಫ್ ನಿಧಾನ ಆಗ್ತದ. ಯಾಕ? ಯಾರನ್ನೂ ಕೇಳ್ದ, ಫೋನ್‌ದಾಗ ನೋಡ್ದ, ನಾ ತಿರುಗಿ ಬರೋದ್ರಾಗ ನೀನ ಹೇಳು. ಹೇಳಿದ್ರ ಆ ಕೆಲ್ಸ ಬಿಡ್ತೇನಿ."

"ಹೇಳ್ಲಿಲ್ಲಂದ್ರ?"

"ಬಾಯಿ ಮುಚ್ಕೊಂಡು ನನ್ನ ಬ್ಯಾಗ್ ಹೊರ್ತಿ. ಶರತ್ತು?"

"ಶರತ್ತು!"

ಅವಳು ಮಾತು ತಪ್ಪುವವಳಲ್ಲ. ಏಳನೇ ತರಗತಿಯಲ್ಲಿ ಹುಣಸೆಕಾಯಿಯ ಶರತ್ತು ಸೋತು ಒಂದು ವಾರ ನನ್ನ ಪಾಟೀಚೀಲ ಹೊತ್ತಿದ್ದಾಳೆ. ಅಂದರೆ ಇದನ್ನು ಗೆದ್ದರೆ ಹೆಂಡತಿ ಮನೆಯಲ್ಲಿರುತ್ತಾಳೆ. ನಾನು ದಿನಾ ಬರ್ಫಿನ ಜೊತೆಗೇ ಬದುಕುವವನು, ಇದೇನು ಮಹಾ.

ಇದನ್ನೆಲ್ಲ ಯಾರ ಮುಂದೆ ಹೇಳಲಿ? ಅವ್ವ ಯಾವತ್ತೂ ಸೊಸೆಯ ಕಡೆ. ಅದಕ್ಕೇ ಕೂಲರ್ ಏಜೆಂಟ್ ಪುಕ್ಕಟೆ ಕೊಟ್ಟ ಈ ಡೈರಿ.

ಮೇ 9

ಅವ್ವ ಸಂಜೆ ರೊಟ್ಟಿ ಬಡಿಯುವುದಿಲ್ಲ ಎಂದುಬಿಟ್ಟಿದ್ದಾಳೆ.

"ಸೊಸಿ ಹೊಂಟಾಗ ಮಾರಿ ಗಂಟ್ ಹಾಕ್ಕೊಂಡು ನಿಂತಿದ್ದಿಯಂತ? ಫೋನ್ ಮಾಡಿ ಹೇಳ್ಯಾಳ. ಅಕಿ ತಿರುಗಿ ಬರೋತನಾ ಸಂಜಿ ರೊಟ್ಟಿ ನಿಂದ ದಿಲ್ಯಾ."

"ಗಂಡಸಾಗಿ ನಾ ರೊಟ್ಟಿ ಬಡೀಲೇನು?"

ಅವ್ವ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ತೋರಿಸಿದಳು. "ಆ ಕಡಿ ನೋಡ್ಕೋತ ಹೇಳು ಆ ಮಾತು."

ಹಿಟ್ಟಿನ ಡಬ್ಬಿ ಇಳಿಸಿದೆ. ಅವ್ವನ ಹೆಸರು ಅಂಬುಬಾಯಿಯಲ್ಲ, ಬರೀ ಅಂಬು ಎಂದಿರಬೇಕಿತ್ತು, ನೇರ ಬಂದು ನಾಟುತ್ತಾಳೆ. ಮೊದಲ ರೊಟ್ಟಿ ಆಳಂದ ತಾಲೂಕಿನ ನಕಾಶೆಯ ಹಾಗೆ ಬಂತು. ಎರಡನೆಯದು ಅಫಜಲಪುರ. ಅವ್ವ ಎರಡನ್ನೂ ಶೇಂಗಾ ಹಿಂಡಿ ಹಚ್ಚಿಕೊಂಡು ಪೂರಾ ತಿಂದಳು.

ಮೇ 17

ಕೂಲರ್, ಕೂಲರ್, ಕೂಲರ್. ಬಿಸಿಲು ತಲೆ ಸೀಳುತ್ತಿದೆ. ಅಲ್ಲಿ ಅವಳು ಸ್ವೆಟರ್ ಹಾಕಿಕೊಂಡಿರುತ್ತಾಳೆ. ಇದು ನ್ಯಾಯವೇ?

ಮೇ 24

ಫೋನ್ ಬಂತು. ಟೆಂಟಿನಿಂದ ಕೆಳಗಿನ ಹಳ್ಳಿಗೆ ಇಳಿದು ಬಂದರೆ ಮಾತ್ರ ಅವಳಿಗೆ ಸಿಗ್ನಲ್ಲು. ಇನ್ನು ಮೇಲೂ ಹೀಗೇ, ಅವಳು ಇಳಿದಾಗಲೇ ಮಾತು.

"ದಿಲೀಪ, ಓಡಾಕತ್ತದ! ನಾವು ನೆಟ್ಟ ಕಂಬ ದಿನಕ್ಕ ಒಂದು ಬೆರಳು ಸರೀತಿದ್ವು, ಈಗ ನಾಲ್ಕು ಬೆರಳು! ಮ್ಯಾಲಿನ ನೀರು ಬಿರುಕಿನಾಗ ಇಳ್ದು ತಳದ ಕಲ್ಲು ಮುಟ್ಟೇದ."

ಬರ್ಫಿನಲ್ಲಿ ಕಂಬ ನೆಟ್ಟು ಅದು ಎಷ್ಟು ಸರಿಯಿತು ಎಂದು ಉಪಗ್ರಹದ ಲೆಕ್ಕದಿಂದ ಅಳೆಯುತ್ತಾರಂತೆ. ನಾಲ್ಕು ಬೆರಳಿಗೆ ಇಷ್ಟು ಕುಣಿತವೇ? ನಮ್ಮ ಬಸ್ ಸ್ಟ್ಯಾಂಡಿನ ಎಮ್ಮೆ ಇದಕ್ಕಿಂತ ಜೋರು ನಡೆಯುತ್ತದೆ ಎಂದೆ. ಬೆಟ್ಟದಷ್ಟು ಎಮ್ಮೆ ಇದ್ದರೆ ತೋರಿಸು ಎಂದಳು.

ನೀನು ಹೇಗಿದ್ದೀ ಎಂದು ಅವಳು ಕೇಳಲಿಲ್ಲ. ನಾನೂ ಕೇಳಲಿಲ್ಲ. ಫೋನಿಟ್ಟ ಮೇಲೆ ನೆನಪಾಯಿತು.

ಜೂನ್ 3

ಶರತ್ತು ಗೆದ್ದೆ ಎಂದುಕೊಂಡು ಮರ್ಯಾದೆ ಕಳೆದುಕೊಂಡ ದಿನ.

ಅಂಗಡಿಯ ಮುಂದೆ ಫ್ರಿಜ್ ಇಳಿಸಲು ಹತ್ತಿಸಲು ಫರ್ಸಿ ಕಲ್ಲಿನ ಇಳಿಜಾರಿದೆ. ಪಕ್ಕದಲ್ಲಿ ಅಬ್ದುಲ್ ಗನಿ ಚಾಚಾನ ಶರಬತ್ತಿನ ಅಂಗಡಿ. ಚಾಚಾನಿಂದ ಒಂದು ದೊಡ್ಡ ಬರ್ಫಿನ ಗಡ್ಡೆ ತಂದು ಇಳಿಜಾರಿನ ಮೇಲೆ ಇಟ್ಟೆ. ಕಲ್ಲಿನ ಉಸುಕಿಗೆ ಅದು ಅಲ್ಲೇ ಕಚ್ಚಿ ಕೂತಿತು. ಹಿಮನದಿಗೆ ತಳದಲ್ಲಿ ನೀರು ಬೇಕು. ಕೂಲರ್‌ನವನ ಹತ್ತಿರ ಇನ್ನೇನಿರುತ್ತದೆ? ಪಂಪು. ಕೂಲರ್‌ನ ಪಂಪಿಗೆ ಪೈಪ್ ಸಿಗಿಸಿ ಗಡ್ಡೆಯ ಬುಡಕ್ಕೆ ನೀರು ಬಿಟ್ಟೆ. ಮೆಲ್ಲಗೆ ಸರಿಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಪಂಪು ಹಚ್ಚಿದೆ. ಗಡ್ಡೆ ಒಮ್ಮೆಲೇ ಜಾರಿ ಇಳಿಜಾರು ದಾಟಿ ಸೀದಾ ಚಾಚಾನ ಮೇಜಿನ ಕಾಲಿಗೆ ಹೊಡೆಯಿತು. ಶರಬತ್ತಿನ ಪಾತೇಲಿ ಮಗುಚಿ ರಸ್ತೆಯೆಲ್ಲ ಗುಲಾಬಿ ಬಣ್ಣ.

"ಅರೇ ಬೇಟಾ! ಬರ್ಫ್ ಬ್ಯಾಡಾಗಿದ್ರ ಕೈಲೆ ವಾಪಸ್ ಕೊಡಬೇಕಿತ್ತಪಾ, ಹಿಂಗ್ಯಾಕ ಕಳಸ್ದಿ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಾಚಾನ ಹಳೇ ಫ್ರೀಜರನ್ನು ಬೇಸಿಗೆ ಮುಗಿಯುವವರೆಗೆ ಪುಕ್ಕಟೆ ನೋಡಿಕೊಳ್ಳಬೇಕೆಂದು ಅಲ್ಲೇ ಪಂಚಾಯ್ತಿ ತೀರ್ಪಾಯಿತು. ಆದರೆ ಒಂದು ಖಾತ್ರಿಯಾಯಿತು. ನೀರು ಹೆಚ್ಚಾದರೆ ಬರ್ಫ್ ಜೋರಾಗುತ್ತದೆ, ನಿಧಾನವಾಗುವುದಿಲ್ಲ. ಇವಳ ಪ್ರಶ್ನೆಯೇ ತಪ್ಪು.

ಜೂನ್ 15

"ನಿನ್ನ ಪ್ರಶ್ನೀನ ತಪ್ಪದ" ಎಂದು ಹೇಳಿದೆ. ಗುಲಾಬಿ ರಸ್ತೆಯ ಕಥೆಯನ್ನೂ ಹೇಳಿದೆ. ಅವಳು ನಕ್ಕ ನಗೆಗೆ ಆ ಹಳ್ಳಿಯ ನಾಯಿಗಳು ಬೊಗಳಿದ್ದು ನನಗೆ ಇಲ್ಲಿ ಕೇಳಿಸಿತು.

"ಎಷ್ಟೊತ್ತು ಪಂಪ್ ಹಚ್ಚಿದ್ದಿ?"

"ಎಷ್ಟೊತ್ತು ಅಂದ್ರ? ಹಚ್ಚೂದ ತಡ, ಹೋತು."

"ಹಂಗಾದ್ರ ಅರ್ಧಾ ಬ್ಯಾಸಗಿ ಅಷ್ಟ ನೋಡಿದಿ. ಉಳಿದದ್ದು ಎಲ್ಲಿ?"

ಇದರರ್ಥ ಏನು? ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ. ಇವತ್ತಿನವು ದುಂಡಗೆ ಬಂದವು ಎಂದು ಅವ್ವ ಹೇಳಿದಳು, ನಾನು ನೋಡಿರಲಿಲ್ಲ.

ಜೂನ್ 29

ಹಿಮಾಚಲದಲ್ಲಿ ಭಾರಿ ಮಳೆ ಎಂದು ಟೀವಿಯಲ್ಲಿ ತೋರಿಸಿದರು. ರಸ್ತೆ ಕೊಚ್ಚಿಹೋಗಿದೆ. ಅವಳು ಇರುವುದು ಬೇರೆ ಕಣಿವೆ.

ಜುಲೈ 2

ಫೋನಿಲ್ಲ.

ಜುಲೈ 4

ಇಲ್ಲ.

ಜುಲೈ 5

ಅವ್ವ ಊಟಕ್ಕೆ ಕೂತಾಗಲೂ ಮೊಬೈಲನ್ನು ತಾಟಿನ ಪಕ್ಕ ಇಟ್ಟುಕೊಳ್ಳುತ್ತಿದ್ದಾಳೆ. ಬ್ಯಾಗ್ ಒಗೆಯಬಾರದಿತ್ತು.

ಜುಲೈ 8

ಬಂತು! ಅಂಗಡಿಯಲ್ಲಿದ್ದೆ. ಹಳ್ಳಿಯ ರಸ್ತೆ ಕಡಿದು ಟವರೂ ಬಿದ್ದಿತ್ತಂತೆ, ಉಳಿದಂತೆ ಎಲ್ಲರೂ ಆರಾಮ. "ಉಂಡೀ?" ಎಂದು ಕೇಳಿದೆ. ಉಂಡೇನಿ ಎಂದಳು. ಫೋನಿಟ್ಟು ಅಂಗಡಿಯ ಹಿಂದೆ ಹೋಗಿ ಅತ್ತೆ. ಗನಿ ಚಾಚಾ ನೋಡಿದ. ಒಂದು ಗ್ಲಾಸ್ ಶರಬತ್ತು ಇಟ್ಟು ಹೋದ.

ಮುಗಿಯಿತು. ಇನ್ನೊಂದು ಸಲ ಇವಳನ್ನು ಅಲ್ಲಿಗೆ ಕಳಿಸಿದರೆ ನಾನು ದಿಲೀಪನೇ ಅಲ್ಲ. ಶರತ್ತು ಗೆಲ್ಲಲೇಬೇಕು.

ಜುಲೈ 22

ಸಿಕ್ಕಿತು! ಸಿಕ್ಕಿತು! ಘತ್ತರಗಿಯಲ್ಲಿ ಸಿಕ್ಕಿತು!

ಭಾಗ್ಯವಂತಿ ಗುಡಿಯ ಹತ್ತಿರ ಕಾಯಿ, ಕರ್ಪೂರ, ತಂಪು ಸೋಡಾ ಮಾರುವ ಚಂದಮ್ಮನ ಫ್ರಿಜ್ ಕೆಟ್ಟಿತ್ತು. ಮೇಲಿನ ಖಾನೆಯಲ್ಲಿ ಇಟ್ಟಿಗೆಯ ಹಾಗೆ ಬರ್ಫ್ ಕಟ್ಟಿದೆ. ಕೆಳಗೆ ನೀರು ಹೋಗುವ ತೂತು ಕಸ ಸಿಕ್ಕಿ ಮುಚ್ಚಿದೆ. ಕರೆಂಟ್ ತೆಗೆದು ಕರಗಲು ಬಿಟ್ಟು ಅವಳ ಜೊತೆ ಚಹಾ ಕುಡಿದೆ. ಬಂದು ನೋಡಿದರೆ ಕರಗಿದ ನೀರಿಗೆ ಹೋಗಲು ದಾರಿಯಿಲ್ಲದೆ ಅದು ಬರ್ಫಿನ ಬುಡದಲ್ಲೇ ಹರಡಿ ನಿಂತಿತ್ತು. ಬೆರಳಲ್ಲಿ ಮುಟ್ಟಿದರೆ ಇಡೀ ಬರ್ಫು ಆ ಕಡೆ ಈ ಕಡೆ ಜಾರುತ್ತದೆ! ನೀರೇ ಅದನ್ನು ಎತ್ತಿ ಹಿಡಿದಿತ್ತು.

ತೂತಿನ ಕಸ ತೆಗೆದೆ. ಬಿಸಿನೀರು ಹಾಕುತ್ತ ಕೂತೆ. ನೀರು ಹರಿದು ಹರಿದು ಬರ್ಫಿನ ಹೊಟ್ಟೆಯಲ್ಲಿ ಬೆರಳಗಲದ ಒಂದು ಕಾಲುವೆ ಕೊರೆಯಿತು. ಆಮೇಲೆ ಎಷ್ಟು ಹಾಕಿದರೂ ಎಲ್ಲ ನೀರು ಆ ಕಾಲುವೆಯಲ್ಲೇ ಹೊರಗೆ. ಉಳಿದ ತಳದಲ್ಲಿ ನೀರಿಲ್ಲ. ಬರ್ಫ್ ಕೂತೇಬಿಟ್ಟಿತು. ದೂಡಿದೆ, ಅಲುಗಲಿಲ್ಲ.

ನೀರು ಹೆಚ್ಚು, ಓಟ ಕಡಿಮೆ! ಬೇಸಿಗೆಯ ಮೊದಲಿಗೆ ನೀರಿಗೆ ದಾರಿ ಇರುವುದಿಲ್ಲ, ತಳದಲ್ಲಿ ಒತ್ತಿಕೊಂಡು ನಿಂತು ಬರ್ಫನ್ನೇ ಎತ್ತುತ್ತದೆ. ಬರಬರುತ್ತ ಹರಿಯುವ ನೀರು ತನ್ನ ದಾರಿ ತಾನೇ ಕೊರೆದುಕೊಳ್ಳುತ್ತದೆ. ಅಲ್ಲಿಂದ ಹರಿದುಹೋದರೆ ಒತ್ತಡ ಇಳಿಯಿತು, ಬರ್ಫ್ ಕಲ್ಲಿನ ಮೇಲೆ ಕೂತಿತು.

ಫ್ರಿಜ್ಜಿನೊಳಗೆ ತಲೆಯಿಟ್ಟು ನಗುತ್ತಿದ್ದ ನನ್ನನ್ನು ನೋಡಿ ಚಂದಮ್ಮ ಕೈಮುಗಿದಳು. "ಯಪ್ಪಾ, ಮೈಮ್ಯಾಲ ಏನರ ಬಂದದೇನ್ರೀ?"

ಬಂದದ ತಾಯಿ, ಹಿಮನದಿ ಬಂದದ.

ಜುಲೈ 23

ಚಾಚಾನ ಹತ್ತಿರ ಇನ್ನೊಂದು ಗಡ್ಡೆ ಕೇಳಿದೆ. ಅವನು ಮೊದಲು ತನ್ನ ಮೇಜನ್ನು ಒಳಗೆ ಇಟ್ಟ, ಆಮೇಲೆ ಕೊಟ್ಟ. ಈ ಸಲ ಜಾರದಂತೆ ಕಲ್ಲು ಅಡ್ಡ ಇಟ್ಟು ಪಂಪು ಹಚ್ಚಿಬಿಟ್ಟೆ. ಚಾಚಾ ನಮಾಜ್ ಮುಗಿಸಿ ಬರುವಷ್ಟರಲ್ಲಿ ಗಡ್ಡೆಯ ಹೊಟ್ಟೆಯಲ್ಲಿ ಸುರಂಗ. ನೀರೆಲ್ಲ ಅದರಲ್ಲೇ ಹೊರಗೆ. ಅಡ್ಡಗಲ್ಲು ತೆಗೆದೆ. ಬರ್ಫ್ ಕದಲಲಿಲ್ಲ!

"ವಾಹ್! ಮೇಜು ಬಚಾವ್ ಆತು" ಎಂದ ಚಾಚಾ.

ಗೆದ್ದೆ. ಅವಳ ಫೋನ್ ಬಂದ ತಕ್ಷಣ ಹೇಳುತ್ತೇನೆ.

ಜುಲೈ 27

ಫೋನ್ ಬಂತು. ಹೇಳಲಿಲ್ಲ. ಸಿಗ್ನಲ್ ಸರಿ ಇರಲಿಲ್ಲ. ಮತ್ತೆ ಅವಳು ಕಂಬಗಳ ಬಗ್ಗೆ ಖುಷಿಯಲ್ಲಿ ಮಾತಾಡುತ್ತಿದ್ದಳು, ನಡುವೆ ಬಾಯಿ ಹಾಕುವುದು ಚಂದವಲ್ಲ.

ಆಗಸ್ಟ್ 10

ಇಜೇರಿಯಲ್ಲಿ ಒಂದು ಡಬಲ್ ಡೋರ್ ಫ್ರಿಜ್ ಕೆಟ್ಟಿತ್ತು. ಅಲ್ಲಿಗೆ ಹೋಗಲು ಜೇವರ್ಗಿಯವರೆಗೆ ಬಸ್ಸಿನಲ್ಲಿ ನಿಂತೇ ಹೋದೆ. ಪಕ್ಕದ ಹೆಣ್ಣುಮಗಳು ಮಳೆಗೆ ತಮ್ಮ ಓಣಿ ಜಾರುತ್ತದೆ ಎಂದಳು. ನಾನು, ಗಟಾರ್ ಮಾಡಿ ನೀರಿಗೆ ದಾರಿ ಕೊಟ್ಟರೆ ಜಾರುವುದಿಲ್ಲ ಎಂದು ಶುರುಮಾಡಿದವನು ಹಿಮನದಿಗೆ ಹೋಗಿ ಮುಟ್ಟಿದೆ. ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ಕೇಳಿದ.

"ಇದೆಲ್ಲ ನಿಮಗ ಹ್ಯಾಂಗ ಗೊತ್ರೀ?"

"ನಮ್ಮ ಮನಿಯವ್ರು ಇದರ ಮ್ಯಾಲ ಸಂಶೋಧನಾ ಮಾಡಾಕತ್ತಾರ್ರೀ. ಬರ್ಫಿನ ಮ್ಯಾಲ ನಿಂತು ಅಳೀತಾರ. ಅಷ್ಟು ಎತ್ತರದಾಗ ಉಸರಾಡ್ಸೋದ ಕಷ್ಟ. ಎಲ್ಲಾರ ಕೈಲೆ ಆಗೂ ಕೆಲ್ಸ ಅಲ್ಲರಿ ಅದು."

ಇಡೀ ಬಸ್ಸು ಓಹೋ ಎಂದಿತು. ಇಳಿಯುವ ನಿಲ್ದಾಣ ದಾಟಿಹೋಯಿತು, ಬಿಸಿಲಲ್ಲಿ ಹಿಂದೆ ನಡೆದು ಬಂದೆ. ಅವಳನ್ನು ಆ ಕೆಲಸ ಬಿಡಿಸುವುದು ಮಾತ್ರ ಬಿಡಿಸುವುದೇ. ಅದರಲ್ಲಿ ಬದಲಿಲ್ಲ.

ಆಗಸ್ಟ್ 24

"ಒಂದೂವರಿ ಬೆರಳಿಗೆ ಬಂತು ನೋಡು!" ಎಂದಳು. "ನೀರು ಭೋರ್ ಅಂತ ಹರ್ಯಾಕತ್ತದ, ಬರ್ಫ್ ಮಾತ್ರ ನಿಧಾನ. ಏನು, ಉತ್ತರ ಸಿಕ್ತೇನು?"

"ವಿಚಾರ ಮಾಡಾಕತ್ತೇನಿ."

"ಇನ್ನೂ?"

"ನನ್ನ ತಲಿ ದಪ್ಪ ಅದ, ಗೊತ್ತದಲ್ಲ ನಿನಗ."

ಫೋನಿನಲ್ಲಿ ಹೇಳುವ ಮಾತಲ್ಲ ಅದು. ಎದುರಿಗೇ ಹೇಳಬೇಕು. ಅವ್ವ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದಳು. ಯಾಕೆ ಎಂದು ಕೇಳಿದರೆ ಪುಂಡಿಪಲ್ಯಕ್ಕೆ ಉಪ್ಪು ಸಾಲದು ಎಂದಳು.

ಸೆಪ್ಟೆಂಬರ್ 16

ಬಂದಳು!

ಮುಖ ಸುಟ್ಟು ಕಪ್ಪಗಾಗಿದೆ, ಮೂಗಿನ ಸಿಪ್ಪೆ ಸುಲಿದಿದೆ. ಸ್ಟೇಷನ್ನಿನಲ್ಲಿ ನನಗೆ ಅವಳಷ್ಟು ಚಂದದವರು ಇನ್ನೊಬ್ಬರು ಕಾಣಲಿಲ್ಲ. ಬ್ಯಾಗ್ ಇಸಿದುಕೊಂಡು ಹೆಗಲಿಗೆ ಹಾಕಿದೆ. ಅವಳು ಅಲ್ಲೇ ನಿಂತಳು.

"ತಡಿ. ಮೊದಲು ಉತ್ತರ. ಯಾಕ ನಿಧಾನ ಆಗ್ತದ?"

ನಗುತ್ತಲೇ ಕೇಳಿದಳು. ಆದರೆ ಬ್ಯಾಗಿನ ಪಟ್ಟಿಯನ್ನು ಬಿಟ್ಟಿರಲಿಲ್ಲ, ಬೆರಳು ಬಿಳಿಚಿಕೊಂಡಿದ್ದವು. ನಾನು ಹೇಳಿದರೆ ಅವಳು ನಿಜವಾಗಿಯೂ ಬಿಟ್ಟುಬಿಡುತ್ತಿದ್ದಳು.

"ದಣೀತದ" ಎಂದೆ. "ಅಷ್ಟು ಓಡಿದ್ ಮ್ಯಾಲ ಬರ್ಫಿಗೂ ಸುಸ್ತಾಗಂಗಿಲ್ಲೇನು?"

ಪಟ್ಟಿ ಬಿಟ್ಟಳು. ನಕ್ಕು ನಕ್ಕು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೇಬಿಟ್ಟಳು. ನಿಜ ಹೇಳಬೇಕೆಂದರೆ ಸರಿಯಾದ ಉತ್ತರ ಆ ಹೊತ್ತಿಗೆ ಮರೆತುಹೋಗಿತ್ತು. ಗಲಾಟೆಯಲ್ಲಿ ಹಾಗಾಗುತ್ತದೆ.

ಊಟಕ್ಕೆ ಕೂತಾಗ ಪಲ್ಲವಿ ಅವ್ವನಿಗೆ ಹೇಳಿದಳು. "ನಿಮ್ಮ ಮಗಾ ಶರತ್ತು ಸೋತಾನ್ರಿ ಅತ್ತಿ. ಬರ್ಫಿಗೆ ಸುಸ್ತಾಗ್ತದಂತ!"

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಸುಸ್ತೇನ್ ಸುಸ್ತು? ನೀರು ಬರ್ಫಿನ ಹೊಟ್ಟ್ಯಾಗ ದಾರಿ ಕೊರಕೊಂಡು ಹರದ್ ಹೋಗ್ತದ, ಬರ್ಫ್ ಕಲ್ಲಿನ ಮ್ಯಾಲ ಕೂಡ್ತದ. ಎರಡು ತಿಂಗಳಾತು, ದಿನಾ ಸಂಜಿಕ ರೊಟ್ಟಿ ಬಡಕೋತ ಇದನ್ನ ಹೇಳಿ ಹೇಳಿ ನನ್ನ ತಲಿ ತಿಂದಾನ. ಜೇವರ್ಗಿ ಬಸ್ಸಿಗೆಲ್ಲಾ ಗೊತ್ತದಂತ, ನಿನಗ ಹೇಳಿಲ್ಲೇನು?"

ನಾನು ತಾಟಿನ ಹಿಂಡಿಯ ಕಡೆ ನೋಡಿದೆ. ತಲೆ ಎತ್ತಿದಾಗ ಪಲ್ಲವಿಯ ಕಣ್ಣು ತುಂಬಿದ್ದವು.

"ಗೆದ್ದಿಯಲ್ಲೋ ದಿಲೀಪ."

"ಎಲ್ಲಿ ಗೆದ್ದೆ? ಬ್ಯಾಗ್ ಹೊತ್ತೀನಿ. ಅಲ್ಲಿಗೆ ಸೋತಂಗ."

ಅವಳು ತನ್ನ ತಾಟಿನ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದನ್ನ ನೀ ಬಡದದ್ದಾ?" ಎಂದಳು. ಇಡೀ ತಿಂದಳು, ಇನ್ನೊಂದು ಕೇಳಿದಳು.

ಸೆಪ್ಟೆಂಬರ್ 17

ಬೆಳಿಗ್ಗೆ ಒಂದು ವಿಷಯ ನನಗೆ ಬಗೆಹರಿಯಲಿಲ್ಲ, ಕೇಳಿದೆ. ಇಷ್ಟು ಕಷ್ಟಪಟ್ಟು ಕೊರೆದ ದಾರಿ ಚಳಿಗಾಲದಲ್ಲಿ ಏನಾಗುತ್ತದೆ?

"ನೀರು ನಿಲ್ತದ. ಮ್ಯಾಲಿನ ಬರ್ಫಿನ ಭಾರಕ್ಕ ದಾರಿ ಮೆಲ್ಲಗ ಮುಚ್ಕೋತದ. ಮತ್ತ ಬ್ಯಾಸಗಿಗಿ ಮೊದಲಿಂದ."

"ಹೋದ ವರ್ಷದ ಜಾಗಾದಾಗ ಕೊರೀತದೋ, ಬ್ಯಾರೆ ಕಡಿನೋ? ಬಿಸಲು ಇನ್ನೂ ಹೆಚ್ಚಾದ್ರ ಲಗೂನ ಕೊರೀತದೋ?"

ಅವಳು ಚಹಾದ ಕಪ್ಪು ಕೆಳಗಿಟ್ಟಳು. "ಅದ ನಮಗೂ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳಾಕ ಆ ಎರಡು ವರ್ಷ."

"ಮತ್ತ ಕುಂತಿ ಯಾಕ? ಬರ್ತೇನಿ ಅಂತ ಬರ್ದು ಕಳಸು!" ಎಂದೆ. ನನಗೆ ರೇಗಿಹೋಗಿತ್ತು. ಇಷ್ಟು ದೂರ ಬಂದು ಉತ್ತರ ಅರ್ಧಕ್ಕೆ ಬಿಟ್ಟರೆ ಹೇಗೆ?

ನನ್ನ ಎದುರಿಗೇ ಕಳಿಸಿದಳು. ಕಳಿಸಿ ನನ್ನ ಹೆಗಲಿಗೆ ತಲೆಯಿಟ್ಟು ಕೂತಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟು ದಿನ ಅಲ್ಲಿ ಕಲ್ಲಿತ್ತೆಂದೇ ನನಗೆ ಗೊತ್ತಿರಲಿಲ್ಲ.

ಬರುವ ಮೇ ತಿಂಗಳಲ್ಲಿ ಬ್ಯಾಗ್ ಹೊತ್ತುಕೊಂಡು ನಾನೂ ಹೋಗುತ್ತೇನೆ. ಕಲಬುರಗಿ ಸ್ಟೇಷನ್‌ವರೆಗಲ್ಲ, ಬರ್ಫಿನ ಬುಡದವರೆಗೆ. ಸೀಜನ್ನಿನಲ್ಲಿ ಎರಡು ವಾರ ಅಂಗಡಿ ಬಂದ್. ಗನಿ ಚಾಚಾನಿಗೆ ಹೇಳಿದರೆ, ಬರ್ಫ್ ನೋಡಲು ಅಷ್ಟು ದೂರ ಯಾಕೆ, ನನ್ನ ಪೆಟ್ಟಿಗೆಯಲ್ಲಿ ಇಲ್ಲವೇ ಎಂದ. ಆಮೇಲೆ ತನ್ನ ಹಳೇ ಮಫ್ಲರ್ ತಂದು ಕೊಟ್ಟ.

ಸಂಜೆ ಹಿಟ್ಟು ನಾದುತ್ತ ಅವ್ವನಿಗೂ ಸುದ್ದಿ ಹೇಳಿದೆ. ಸೊಸೆ ಬಂದ ಮೇಲೆ ರೊಟ್ಟಿ ನನ್ನದಲ್ಲ ಎನ್ನುವುದು ಆಗ ನೆನಪಾಯಿತು, ಅಷ್ಟರಲ್ಲಿ ಹಂಚು ಕಾದಿತ್ತು. ಅವ್ವನ ಮುಖ ಬಾಡಿತು.

"ನೀನೂ ಹೊಂಟ್ರ ಹ್ಯಾಂಗೋ ದಿಲ್ಯಾ? ಎರಡು ವಾರ ನನಗ ರೊಟ್ಟಿ ಯಾರು ಬಡೀತಾರ?"